1ಕ್ಕೂ 15ಕ್ಕೂ ನಡುವೆ

ಆಫೀಸಿನ ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆಗೆ ಸ್ವಿಚ್ ಎನ್ನುತ್ತಾರೆ. ಸಿಸ್ಕೋ ಸ್ವಿಚ್ಚಿನಲ್ಲಿ ಅಧಿಕಾರದ ಮೆಟ್ಟಿಲುಗಳು 16: 0ರಿಂದ 15ರವರೆಗೆ. 1ರಲ್ಲಿ ನಿಂತವನು ನೋಡಬಹುದು, ಅದೂ ಸ್ವಲ್ಪ. 15ರಲ್ಲಿ ನಿಂತವನು ಇಡೀ ಕಾನ್ಫಿಗರೇಶನ್ ಅಳಿಸಿ ಮನೆಗೆ ಹೋಗಬಹುದು. ನಡುವಿನ 2ರಿಂದ 14 ಖಾಲಿ. ಯಾವ ಕಮ್ಯಾಂಡ್ ಯಾವ ಮೆಟ್ಟಿಲಿಗೆ ಎಂದು ನಾವೇ ತುಂಬಬೇಕು. ಪುಣೆಯಲ್ಲಿ ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ತುಂಬಿದವರನ್ನು ಬೆರಳಲ್ಲಿ ಎಣಿಸಬಹುದು.

ಸೋಮಾರಿತನ ಅಂದುಬಿಡಬಹುದು. ಆದರೆ ಒಬ್ಬನಿಗೆ 5ನೇ ಮೆಟ್ಟಿಲು ಕಟ್ಟಿಕೊಡಬೇಕಾದರೆ ಅವನ ದಿನದ ಕೆಲಸ ಏನೆಂದು ನಮಗೆ ಗೊತ್ತಿರಬೇಕು. ಪಕ್ಕದಲ್ಲಿ ಕೂತು ಕೇಳಬೇಕು. ಪೂರ್ತಿ ನಂಬುವುದಕ್ಕೂ ಪೂರ್ತಿ ನಂಬದಿರುವುದಕ್ಕೂ ಆ ಮನುಷ್ಯನ ಪರಿಚಯವೇ ಬೇಕಿಲ್ಲ.

ಹೀಗಾಗಿ ಬಹಳ ಕಡೆ ‘ಅಡ್ಮಿನ್’ ಎಂಬ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಹತ್ತು ಜನರ ಬಾಯಲ್ಲಿ. ‘ನಾವೆಲ್ಲ ಒಂದೇ ಮನೆಯವರು’ ಎಂಬ ಮಾತು ಬೇರೆ. ನಾನು ಹಿಂದೆ ಇದ್ದ ಕಂಪನಿಯಲ್ಲಿ ಒಂದು ರಾತ್ರಿ ಯಾರೋ ಟ್ರಂಕ್ ಪೋರ್ಟಿಗೆ ಹೊಸ ವಿಲ್ಯಾನ್ ಸೇರಿಸುವಾಗ ‘ಆಡ್’ ಎಂಬ ಪದ ಬಿಟ್ಟರು. ಅದನ್ನು ಬಿಟ್ಟರೆ ಹಳೆಯ ಪಟ್ಟಿ ಪೂರ್ತಿ ಹೋಗಿ ಹೊಸದೊಂದೇ ಉಳಿಯುತ್ತದೆ. ಎರಡು ಮಹಡಿಗಳ ನೆಟ್‌ವರ್ಕ್ ಹೋಯಿತು. ಲಾಗ್‌ನಲ್ಲಿ ಇದ್ದ ಹೆಸರು ‘ಅಡ್ಮಿನ್’. ಬೆಳಗ್ಗೆ ಎಲ್ಲರ ಕಣ್ಣು ಹೋದದ್ದು ಕಾಂಟ್ರಾಕ್ಟ್ ಮೇಲೆ ಬಂದಿದ್ದ ಬೀದರಿನ ಹುಡುಗನ ಕಡೆಗೆ. ‘ನಾ ಅಲ್ರೀ ಸರ್’ ಎಂದ. ಅದಕ್ಕಿಂತ ಹೆಚ್ಚಿನದು ಅವನ ಬಳಿ ಏನೂ ಇರಲಿಲ್ಲ. ತಿಂಗಳ ಕೊನೆಗೆ ಅವನ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಅವನೇ ಮಾಡಿರಲೂಬಹುದು, ತಿಳಿಯುವ ದಾರಿಯನ್ನು ಆ ನಂಬಿಕೆಯೇ ಮುಚ್ಚಿತ್ತು.

ಪ್ರತಿಯೊಬ್ಬರಿಗೂ ಅವರವರ ಹೆಸರಲ್ಲಿ ಲಾಗಿನ್ ಕೊಟ್ಟು, ಟಕಾಕ್ಸ್ ಪ್ಲಸ್ ಸರ್ವರಿನಲ್ಲಿ ಒಂದೊಂದು ಕಮ್ಯಾಂಡನ್ನೂ ಬರೆದಿಡಬಹುದು. ಇದನ್ನು ಕಾವಲು ಎಂದು ಬೈಯುವ ಹಿರಿಯರಿದ್ದಾರೆ. ಕಾವಲೇ ಹೌದು. ಆದರೆ ಹಿರಿಯರ ಮಾತನ್ನು ಲಾಗ್ ಇಲ್ಲದೆಯೂ ನಂಬುತ್ತಾರೆ. ಸಾಕ್ಷಿ ಬೇಕಿದ್ದುದು ಆ ಹುಡುಗನಿಗೆ.

ಮಿತಿ ಹಾಕುವುದು ಅವಮಾನ ಎಂಬುದನ್ನೂ ನಾನು ಒಪ್ಪುವುದಿಲ್ಲ. ನಮ್ಮ ಕಡೆ ಮದುವೆಮನೆಯಲ್ಲಿ ಉಗ್ರಾಣದ ಬೀಗದ ಕೈ ಒಬ್ಬರ ಬಳಿ, ಮುಯ್ಯಿ ಪುಸ್ತಕ ಇನ್ನೊಬ್ಬರ ಬಳಿ. ಮುಯ್ಯಿ ಬರೆಯುವ ಮಾವ ಬೀಗದ ಕೈ ಕೊಡಲಿಲ್ಲವೆಂದು ಮುನಿಸಿಕೊಂಡದ್ದನ್ನು ನಾನು ಕಂಡಿಲ್ಲ. (ಊಟಕ್ಕೆ ಕರೆಯಲಿಲ್ಲವೆಂದು ಮುನಿಸಿಕೊಂಡದ್ದುಂಟು.) ಲೆಕ್ಕಕ್ಕೆ ಇವನೇ ಸರಿ ಎಂದು ಯಾರೋ ಯೋಚಿಸಿ ಕೊಟ್ಟ ಕೆಲಸ ಅದು.

ಈಗ ನಮ್ಮಲ್ಲಿ ರಾತ್ರಿ ಪಾಳಿಯವರಿಗೆ 5ನೇ ಮೆಟ್ಟಿಲು ಇದೆ. ಪೋರ್ಟ್ ಮುಚ್ಚಿ ತೆರೆಯುವ ಕಮ್ಯಾಂಡ್ ಅದರಲ್ಲಿ ಇಟ್ಟಿದ್ದೇನೆ. ತೊಡಕೆಂದರೆ, ಈ ಮೆಟ್ಟಿಲಿಗೆ ಕಮ್ಯಾಂಡ್ ಗೊತ್ತು, ಪೋರ್ಟ್ ಗೊತ್ತಿಲ್ಲ. ಮೂಲೆಯ ಪ್ರಿಂಟರಿನ ಪೋರ್ಟ್ ಮುಚ್ಚಬಲ್ಲವನು ಇಡೀ ಮಹಡಿಯ ಅಪ್‌ಲಿಂಕನ್ನೂ ಮುಚ್ಚಬಲ್ಲ. ಆದ್ದರಿಂದ ಹೊಸಬರು ಪಾಳಿಗೆ ಬಂದ ಮೊದಲ ರಾತ್ರಿ ಚಹಾ ತರಿಸಿ, ಸ್ವಿಚ್ಚಿನ ಮುಂದೆ ನಿಂತು, ಯಾವ ತಂತಿ ಎಲ್ಲಿಗೆ ಹೋಗುತ್ತದೆ ಎಂದು ಒಂದೊಂದಾಗಿ ತೋರಿಸುತ್ತೇನೆ.