ಒಂದೇ ಬೀಗಕ್ಕೆ ಎರಡು ಬೆಲೆ

ನಮ್ಮ ಕಟ್ಟಡದ ಮೂರನೆಯ ಮಹಡಿಯ ನಿವೃತ್ತ ರಾಯರ ಕಂಪ್ಯೂಟರಿಗೂ ನಮ್ಮದಕ್ಕೂ ಒಂದೇ ಕಂಪನಿಯ ಆಂಟಿವೈರಸ್. ಒಂದು ಯಂತ್ರಕ್ಕೆ ಒಂದು ವರ್ಷದ ಲೈಸೆನ್ಸು. ನಾವು ಲ್ಯಾಮಿಂಗ್ಟನ್ ರೋಡಿನ ಪರಿಚಯದ ಅಂಗಡಿಯಲ್ಲಿ ತೆತ್ತದ್ದು 450 ರೂಪಾಯಿ. ರಾಯರ ಕಾರ್ಡಿನಿಂದ ತಾನಾಗಿ ಕಡಿತವಾದದ್ದು 1,499. "ನಿನಗೆಷ್ಟು ಬಿತ್ತಪ್ಪಾ?" ಎಂದು ಮೊನ್ನೆ ಅವರು ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳಿದಾಗ ನಮ್ಮ ನಾಲಿಗೆ ತಡವರಿಸಿತು. ಬೆಲೆ ಕಟ್ಟಿದವರು ನಾವಲ್ಲ, ತಡವರಿಸಿದ್ದೇಕೆ?

ಅಂಗಡಿಯವನು ಹೇಳಿದ ಲೆಕ್ಕ ಸರಳವಾಗಿದೆ. ಅಕ್ಕಿಯ ಮೂಟೆಗೆ ಒಂದು ಅಸಲು ಇರುತ್ತದೆ. ಸಾಫ್ಟ್‌ವೇರಿನ ಖರ್ಚೆಲ್ಲ ಅದನ್ನು ರಚಿಸುವುದರಲ್ಲಿ, ದಿನದಿನದ ಹೊಸ ವೈರಸ್ಸುಗಳ ಬೆನ್ನು ಹತ್ತುವುದರಲ್ಲಿ. ಇನ್ನೊಂದು ಪ್ರತಿಗೆ ಬೀಳುವ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಡಬ್ಬಿಯ ಮೇಲಿನ ಎಂ.ಆರ್.ಪಿ. ಗರಿಷ್ಠ ಬೆಲೆ ಮಾತ್ರ. ಅದನ್ನು ಮೀರಬಾರದೆಂದು ಕಾನೂನು, ಇಳಿಸಬಾರದೆಂದಿಲ್ಲ. ನೂರಾರು ಡಬ್ಬಿ ಒಟ್ಟಿಗೆ ಎತ್ತಿದವನು ತನಗೆ ಸಿಕ್ಕ ರಿಯಾಯಿತಿಯಲ್ಲಿ ಒಂದು ಪಾಲನ್ನು ಗಿರಾಕಿಗೆ ಬಿಡುತ್ತಾನೆ. ಹೊಸ ಆವೃತ್ತಿ ಬಂದಾಗ ಹಳೆಯದನ್ನು ಕೈತೊಳೆದುಕೊಳ್ಳುತ್ತಾನೆ. ಹತ್ತು ಯಂತ್ರಗಳ ಕೀಲಿಯನ್ನು ಒಡೆದು ಬಿಡಿಯಾಗಿ ಮಾರುವವರೂ ಉಂಟು. ಅಂಥದನ್ನು ಕಂಪನಿ ಯಾವಾಗ ಮುಚ್ಚುವುದೋ ಹೇಳಲಾಗದು, ನಾವು ಅದಕ್ಕೆ ಕೈಹಾಕಿಲ್ಲ.

ಇಷ್ಟರವರೆಗೆ ನಮ್ಮ ತಕರಾರಿಲ್ಲ. ಕೌಟಿಲ್ಯನು ವರ್ತಕನಿಗೆ ಸ್ವದೇಶದ ಸರಕಿನ ಮೇಲೆ ನೂರಕ್ಕೆ ಐದು, ಪರದೇಶದ್ದರ ಮೇಲೆ ಹತ್ತು ಲಾಭವೆಂದು ಗೊತ್ತುಮಾಡಿದ್ದ; ಅಸಲೇ ಕೈಗೆ ಸಿಗದ ಸರಕಿಗೆ ಅವನ ಲೆಕ್ಕವೂ ಸೋಲುತ್ತದೆ.

ನಮಗೆ ಚುಚ್ಚಿದ್ದು ನವೀಕರಣದ ಬೆಲೆ. ಊರಿನ ಅಂಗಡಿಯಲ್ಲಿ ಖಾಯಂ ಗಿರಾಕಿಗೆ ಒಂದು ಹಿಡಿ ಕೊಸರು ಬೀಳುತ್ತಿತ್ತು. ಇಲ್ಲಿ ಕೊಸರು ಹೊಸಬನಿಗೆ, ಪೂರ್ಣ ಬೆಲೆ ಹಳಬನಿಗೆ. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರವು 2021ರಲ್ಲಿ ಮೆಕಾಫಿ, ನಾರ್ಟನ್ ಕಂಪನಿಗಳಿಂದ (ನಮ್ಮದು ಇವೆರಡೂ ಅಲ್ಲ), ತಾನಾಗಿ ನವೀಕರಣಗೊಂಡವರು ನಡುವೆ ಬಿಟ್ಟರೆ ಉಳಿದ ಅವಧಿಯ ಹಣ ಹಿಂದಿರುಗಿಸುವುದಾಗಿ ಒಪ್ಪಿಗೆ ಪಡೆಯಿತು. ನಮ್ಮಲ್ಲಿಯೂ ಅದೇ ವರ್ಷದ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಇಂಥ ಕಡಿತಕ್ಕೆ 24 ಗಂಟೆ ಮೊದಲೇ ಸೂಚನೆ ಬರಬೇಕು. ರಾಯರಿಗೂ ಬಂದಿತ್ತು, ಮೊಬೈಲಿನ ನೂರು ಸಂದೇಶಗಳ ನಡುವೆ. ಇಬ್ಬರು ಗಿರಾಕಿಗಳು ಪಕ್ಕಪಕ್ಕದಲ್ಲಿ ಕುಳಿತು ಮಾತನಾಡಿದರೂ ನಿಲ್ಲುವ ವ್ಯತ್ಯಾಸ ವ್ಯಾಪಾರ. ಅವರು ಮಾತನಾಡದಿರುವವರೆಗೆ ಮಾತ್ರ ನಿಲ್ಲುವುದಕ್ಕೆ ನಾವು ಬೇರೆ ಹೆಸರು ಕೊಡುತ್ತೇವೆ.

ಆದರೆ ಮಾತನಾಡದೆ ಇದ್ದವರು ಯಾರು? ಬಿ.ಎಸ್ಸಿ. ಆದವರೆಂದು (ಓದಿದ್ದು ಸಸ್ಯಶಾಸ್ತ್ರ!) ರಾಯರ ಯಂತ್ರಕ್ಕೆ ಅದನ್ನು ಹಾಕಿಕೊಟ್ಟವರು ನಾವೇ. ತಾನಾಗಿ ನವೀಕರಣವಾಗುವುದೆಂಬ ಸಾಲನ್ನು ಓದಿಯೂ ಮುಂದೆ ಹೋಗಿದ್ದೆವು. ಈ ವರ್ಷ ಆಫೀಸಿನ ಐವರಿಗೆ ಸೇರಿಸಿ ಅಗ್ಗದಲ್ಲಿ ತಂದಾಗಲೂ ಮೂರನೆಯ ಮಹಡಿ ನೆನಪಾಗಲಿಲ್ಲ. ನಾವು ಈ ಊರಿಗೆ ಹೊಸದಾಗಿ ಬಂದಾಗ, ಮಾಟುಂಗಾದಲ್ಲಿ ಯಾವ ಅಂಗಡಿಯ ಅಕ್ಕಿ ಕಿಲೋಗೆ ಎರಡು ರೂಪಾಯಿ ಅಗ್ಗವೆಂದು ಚೀಲ ಹಿಡಿದು ಜೊತೆಗೆ ಬಂದು ತೋರಿಸಿದವರು ಇದೇ ರಾಯರು.

450 ಎಂದು ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಬಾ, ಅದನ್ನು ನಿಲ್ಲಿಸಿ ಕೊಡು" ಎಂದರು. ವಿಂಡೋಸಿನೊಳಗೇ ಡಿಫೆಂಡರ್ ಎಂಬ ಪುಕ್ಕಟೆ ಕಾವಲುಗಾರನಿದ್ದಾನೆಂಬುದನ್ನೂ ಅಂದೇ ಹೇಳಿದೆವು. ರಾಯರು ಕನ್ನಡಕ ಹುಡುಕಲು ಒಳಗೆ ಹೋದರು.