ಹಳೆಯ ಗಾಡಿ, ಉಳಿದ ಹಣ

ಗೃಹಸ್ಥನಿಗೆ ಹಣವನ್ನು ಗಳಿಸುವುದು ಎಷ್ಟು ಆವಶ್ಯಕವೋ, ಗಳಿಸಿದುದನ್ನು ಹಿತಮಿತವಾಗಿ ಬಳಸುವುದೂ ಅಷ್ಟೇ ಆವಶ್ಯಕ. ಆದರೆ ಮಿತವ್ಯಯವೆಂಬ ಹೆಸರು ಹೊತ್ತುದೆಲ್ಲವೂ ಮಿತವ್ಯಯವಲ್ಲ. ಒಬ್ಬನ ಕೈಯಲ್ಲಿ ಉಳಿದ ಹಣವು ಮತ್ತೊಬ್ಬನ ಹೆಗಲಿಗೆ ಹೊರೆಯಾಗಿ ಜಾರಿದ್ದರೆ ಅದನ್ನು ಉಳಿತಾಯವೆನ್ನಬಹುದೇ? ಕಡಿಮೆ ಬೆಲೆಯ ಹಳೆಯ ಕಾರುಗಳನ್ನು ಕೊಳ್ಳುವ, ಮಾರುವ ವ್ಯವಹಾರದಲ್ಲಿ ಈ ಪ್ರಶ್ನೆಯು ನೇರವಾಗಿ ಎದುರಾಗುತ್ತದೆ.

ಭಾಲ್ಕಿ ಮತ್ತು ಔರಾದಗಳು ಬೀದರ ನಗರಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿವೆ. ಗಡಿಯಂಚಿನ ಹಳ್ಳಿಗಳಿಂದ ಆ ದೂರ ಇನ್ನೂ ಹೆಚ್ಚು. ನಡುರಾತ್ರಿಯಲ್ಲಿ ಬಾಣಂತಿಯನ್ನೋ ವೃದ್ಧರನ್ನೋ ಆಸ್ಪತ್ರೆಗೆ ಕರೆದೊಯ್ಯಬೇಕಾದ ಮನೆಗೆ ಕಾರು ಭೋಗದ ವಸ್ತುವಲ್ಲ. ಆದರೆ ಅಗತ್ಯವು ಕಾರಿನದು, ಹೊಸತನದ್ದಲ್ಲ. ಮಳೆ ಕೈಕೊಟ್ಟು ತೊಗರಿ, ಸೋಯಾ ಬೆಳೆಗಳು ಸೊರಗಿದ ವರ್ಷದಲ್ಲಿಯೂ ಸಾಲದ ಕಂತು ತಪ್ಪದೆ ಬಾಗಿಲಿಗೆ ಬರುತ್ತದೆ. ನೆರೆಯವರ ಕಣ್ಣಿಗಾಗಿ ತಂದ ಹೊಳಪು ಹೀಗೆ ಮನೆಯವರ ನಿದ್ರೆಯನ್ನೇ ಕೆಡಿಸುವುದುಂಟು.

ಹಳೆಯ ಗಾಡಿಯಿಂದ ಹಣ ಉಳಿಯುವುದು ಹೇಗೆಂಬುದನ್ನು ವಿಮೆಯ ಲೆಕ್ಕವೇ ತಿಳಿಸುತ್ತದೆ. ವಿಮೆಗಾಗಿ ಮೌಲ್ಯ ಕಟ್ಟುವಾಗ ಕಾರಿನ ಬೆಲೆಯಲ್ಲಿ ಮೊದಲ ಆರು ತಿಂಗಳಿಗೆ ನೂರಕ್ಕೆ 5ನ್ನು, ಒಂದು ವರ್ಷ ತುಂಬುವುದರೊಳಗೆ 15ನ್ನು, ಎರಡರಿಂದ ಮೂರು ವರ್ಷದ ಗಾಡಿಗೆ 30ನ್ನು, ನಾಲ್ಕರಿಂದ ಐದು ವರ್ಷದ್ದಕ್ಕೆ 50ನ್ನು ಕಳೆಯುವುದು ರೂಢಿ. ಸಂತೆಯ ಬೆಲೆ ಇದಕ್ಕಿಂತ ಬೇರೆಯಿರಬಹುದು. ಆದರೂ 6 ಲಕ್ಷ ರೂಪಾಯಿಯ ಗಾಡಿಯು ಐದು ವರ್ಷ ತುಂಬುವಷ್ಟರಲ್ಲಿ ಈ ಲೆಕ್ಕದಂತೆ 3 ಲಕ್ಷದ್ದಾಗುತ್ತದೆ. ಆ ನಷ್ಟವನ್ನು ಮೊದಲ ಒಡೆಯನು ಹೊತ್ತಿದ್ದಾನೆ. ಅವನು ಹೊಸದನ್ನು ಕೊಳ್ಳದಿದ್ದರೆ ಎರಡನೆಯವನಿಗೆ ಹಳೆಯದು ದೊರೆಯುತ್ತಲೇ ಇರಲಿಲ್ಲ. ಆದುದರಿಂದ ಹಳೆಯದನ್ನು ಕೊಂಡವನು ತನ್ನ ಮಿತವ್ಯಯಕ್ಕಾಗಿ ಬೀಗಬೇಕಾದುದಿಲ್ಲ.

ಅಗ್ಗವಾದುದೆಲ್ಲವೂ ಲಾಭವಲ್ಲ. ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿ ನೋಡಬೇಕು. ನೀಲಿ ಹೊಗೆ ಕಂಡರೆ ಎಣ್ಣೆ ಉರಿಯುತ್ತಿದೆಯೆಂದು ತಿಳಿಯಬೇಕು. ಟೈರಿನ ಮೇಲಿನ ನಾಲ್ಕು ಅಂಕೆಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ. ಖಾಸಗಿ ಕಾರಿನ ನೋಂದಣಿಯು 15 ವರ್ಷಗಳದು. ಆ ಬಳಿಕ ತಪಾಸಣೆಯಾಗಿ ನವೀಕರಣವಾಗಬೇಕು. ಬೀದರದ ನೆರೆಯಲ್ಲಿ ತೆಲಂಗಾಣವೂ ಮಹಾರಾಷ್ಟ್ರವೂ ಇರುವುದರಿಂದ ಅಲ್ಲಿಯ ಗಾಡಿಗಳು ಆಸೆ ಹುಟ್ಟಿಸುತ್ತವೆ. ಹೊರರಾಜ್ಯದ ಗಾಡಿಯನ್ನು 12 ತಿಂಗಳಿಗೂ ಹೆಚ್ಚು ಕಾಲ ಇಲ್ಲಿರಿಸಿಕೊಂಡರೆ ಇಲ್ಲಿಯೇ ಹೊಸ ನೋಂದಣಿ ಮಾಡಿಸಬೇಕು; ಅದಕ್ಕೆ ಅಲ್ಲಿಯ ನಿರಾಕ್ಷೇಪಣಾ ಪತ್ರವೂ ಇಲ್ಲಿಯ ಆಜೀವ ತೆರಿಗೆಯೂ ಬೇಕು. ಇವುಗಳನ್ನು ಸೇರಿಸದ ಬೆಲೆಯು ಪೂರ್ಣ ಬೆಲೆಯಲ್ಲ.

ಇಷ್ಟು ಲೌಕಿಕ ಜಾಣ್ಮೆಯಾಯಿತು. ಧರ್ಮದ ಪ್ರಶ್ನೆ ಇದರಾಚೆಗಿದೆ. ಸವೆದ ಬ್ರೇಕನ್ನು ಬದಲಿಸದೆ ಉಳಿಸಿದ ಹಣವು ರಸ್ತೆಯಲ್ಲಿ ನಡೆಯುವ ಅಪರಿಚಿತನ ಪ್ರಾಣದಿಂದ ಪಡೆದ ಸಾಲ. ವಿಮೆಯಿಲ್ಲದೆ ಓಡಿಸುವವನು ಪೆಟ್ಟುಬಿದ್ದವನ ಪರಿಹಾರವನ್ನೇ ಪಣಕ್ಕೊಡ್ಡುತ್ತಾನೆ. ಹೆಸರು ಬದಲಾವಣೆಯ ಓಡಾಟವನ್ನು ತಪ್ಪಿಸಿಕೊಳ್ಳುವವನದೂ ಇದೇ ಬಗೆಯ ತಪ್ಪು. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಅದನ್ನು ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆ ವಿಧಿಸುತ್ತದೆ. ಗಾಡಿ ಕೈ ಬದಲಾಗಿದ್ದರೂ ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರದ ಹೊಣೆ ಹಳೆಯ ಹೆಸರಿನವನ ಮೇಲೆಯೇ ಉಳಿಯುವುದೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿತು.

ಮಾರುವವನ ಧರ್ಮವೂ ಕಡಿಮೆಯದಲ್ಲ. ಓಡಿದ ದೂರ ತೋರಿಸುವ ಮೀಟರನ್ನು ಹಿಂದಕ್ಕೆ ತಿರುಗಿಸುವುದು, ಅಪಘಾತದ ಗುರುತನ್ನು ಬಣ್ಣದಡಿ ಅಡಗಿಸುವುದು ಜಾಣತನವಲ್ಲ, ಕಳವು. ನುಲಿಯ ಚಂದಯ್ಯನವರು ತಾವು ಹೊಸೆದ ಹಗ್ಗಕ್ಕೆ ಯೋಗ್ಯ ಬೆಲೆಗಿಂತ ಹೆಚ್ಚು ಬಂದುದನ್ನು ಒಪ್ಪಲಿಲ್ಲವೆಂಬುದು ಶರಣಚರಿತೆ. ಕೊಡುವವನು ಮನಸಾರೆ ಕೊಟ್ಟುದೇ ಅಲ್ಲಿ ಸಲ್ಲಲಿಲ್ಲ. ದೋಷವನ್ನು ಮುಚ್ಚಿ, ತಿಳಿಯದವನಿಂದ ಪಡೆದುದು ಕಾಯಕದ ಹಣವಾಗುವುದೆಂತು?

ಇಂದು ಬೀದರ ಜಿಲ್ಲೆಯಲ್ಲಿರುವ ಕಲ್ಯಾಣದಲ್ಲಿಯೇ ಆಯ್ದಕ್ಕಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಸಂತೋಷಪಡಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹೇಳಿ ಕಳುಹಿದರು. ಬಡತನದ ಮನೆಯಲ್ಲಿ ಅಕ್ಕಿಯ ಬೆಲೆ ಅವರಿಗೆ ತಿಳಿಯದುದಲ್ಲ. ತಮ್ಮ ಪಾಲು ಎಲ್ಲಿ ಮುಗಿಯಿತು, ಪರರ ಪಾಲು ಎಲ್ಲಿ ಮೊದಲಾಯಿತು ಎಂಬುದೂ ಅವರಿಗೆ ತಿಳಿದಿತ್ತು.

ಹಳೆಯ ಗಾಡಿಯ ಉಳಿತಾಯಕ್ಕೂ ಈ ಒರೆಗಲ್ಲೇ ಸಾಕು. ಬ್ರೇಕು, ಟೈರು, ವಿಮೆ, ದಾಖಲೆಗಳಿಗೆ ಸಲ್ಲಬೇಕಾದುದು ಸಂದ ಮೇಲೆ ಉಳಿದುದೇ ಗೃಹಸ್ಥನ ನಿಜವಾದ ಉಳಿತಾಯ. ಅದು ಮಕ್ಕಳ ವಿದ್ಯೆಗೆ, ಮನೆಯ ಕಷ್ಟಕಾಲಕ್ಕೆ, ದಾಸೋಹಕ್ಕೆ ಒದಗಿದಾಗ ಸಾರ್ಥಕವಾಗುತ್ತದೆ; ಮತ್ತೊಂದು ಆಡಂಬರಕ್ಕೆ ಹರಿದರೆ ಉಳಿಸಿದುದೂ ವ್ಯರ್ಥ. ಬಣ್ಣ ಮಾಸಿದ ಗಾಡಿಯು ಮನೆಯ ಮುಂದೆ ನಿಂತರೆ ಮರ್ಯಾದೆಗೆ ಕುಂದಿಲ್ಲ. ಅದರ ಲೆಕ್ಕವು ಶುದ್ಧವಾಗಿರಲಿ. ಅದರಲ್ಲಿ ಪರರ ಪಾಲಿನ ಒಂದು ಕಾಳೂ ಬೆರೆಯದಿರಲಿ.