ಬಾಡಿಗೆ ವಾಹನ, ಗಡಿ ಮತ್ತು ಅಮಾನತ್ತು

ಬಾಡಿಗೆಗೆ ತಂದ ವಸ್ತು ಯಾರದು? ಯಾರನ್ನು ಕೇಳಿದರೂ 'ಮಾಲಿಕನದು' ಎಂಬ ಉತ್ತರವೇ ಬರುತ್ತದೆ. ಆದರೆ ನಮ್ಮ ನಡತೆಯೂ ಅದೇ ಉತ್ತರವನ್ನು ಕೊಡುತ್ತದೆಯೇ? ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವಾಗ, ಮದುವೆಗೆ ತಂದ ಶಾಮಿಯಾನದವನ ಪಾತ್ರೆಗಳನ್ನು ಎತ್ತಿ ಒಗೆಯುವಾಗ, ಬಾಡಿಗೆ ಕಾರನ್ನು ಗುಂಡಿಗೆ ಇಳಿಸುವಾಗ 'ದುಡ್ಡು ಕೊಟ್ಟಿದ್ದೇವಲ್ಲ' ಎಂಬ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ. ದುಡ್ಡು ಕೊಟ್ಟು ನಾವು ಪಡೆದದ್ದು ವಸ್ತುವನ್ನಲ್ಲ, ಅದರ ಉಪಯೋಗವನ್ನು. ಅದೂ ಮಾತಾದಷ್ಟು ದಿನ, ಮಾತಾದಷ್ಟು ದೂರ, ಮಾತಾದ ರೀತಿಯಲ್ಲಿ ಮಾತ್ರ. ವಸ್ತುವು ಮಾಲಿಕನ ಕೈ ಸೇರುವ ತನಕ ನಮ್ಮ ಬಳಿಯಿರುವ ಅಮಾನತ್ತು.

ಓದುಗ ಬಂಧುಗಳೇ, ಈ ವಿಷಯವನ್ನು ಚಳಿಗಾಲದಲ್ಲಿ ಎತ್ತಿಕೊಳ್ಳಲು ಕಾರಣವಿದೆ. ಸಂಡೂರು, ಹೊಸಪೇಟೆ, ಕಂಪ್ಲಿಯ ಎಷ್ಟೋ ಮನೆಗಳ ಮಕ್ಕಳು, ಅಳಿಯಂದಿರು ದುಡಿಮೆಗಾಗಿ ಗಲ್ಫ್ ದೇಶಗಳಲ್ಲಿದ್ದಾರೆ. ಅಲ್ಲಿಯ ಧಗೆ ತಗ್ಗುವ ಡಿಸೆಂಬರ್, ಜನವರಿ ತಿಂಗಳುಗಳಲ್ಲೇ ಊರಿನ ತಂದೆತಾಯಿಯರು ವಿಸಿಟ್ ವೀಸಾದಲ್ಲಿ ಮಕ್ಕಳನ್ನು ನೋಡಲು ಹೋಗುತ್ತಾರೆ. ಆಗ ಮಕ್ಕಳ ಶಾಲೆಗೂ ರಜೆ. ಸ್ವಂತ ವಾಹನವಿಲ್ಲದವರು, ಇದ್ದರೂ ಎಲ್ಲರಿಗೂ ಜಾಗ ಸಾಲದವರು ಬಾಡಿಗೆಗೆ ಕಾರು ಪಡೆದು ದುಬೈಯಿಂದ ಹತ್ತಾದ ಗಡಿಯ ಮೂಲಕ ಒಮಾನಿಗೆ ಹೊರಡುತ್ತಾರೆ. ಮಸ್ಕತ್ ಅಲ್ಲಿಂದ ಸುಮಾರು 450 ಕಿ.ಮೀ. ದಮ್ಮಾಮ್ ಕಡೆ ಇರುವವರು 1986ರಲ್ಲಿ ತೆರೆದ, ಸಮುದ್ರದ ಮೇಲೆ 25 ಕಿ.ಮೀ. ಉದ್ದಕ್ಕೆ ಹಾದ ದೊರೆ ಫಹದ್ ಸೇತುವೆ ದಾಟಿ ಬಹರೈನಿಗೆ ಹೋಗಿಬರುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಭೂಮಿಯಲ್ಲಿ ಸಂಚರಿಸಿ ಅಲ್ಲಾಹನ ಸೃಷ್ಟಿಯನ್ನು ನೋಡುವಂತೆ ಪವಿತ್ರ ಕುರ್‌ಆನ್ ಕರೆ ನೀಡಿದೆ (29:20). ವೃದ್ಧ ತಂದೆತಾಯಿಯರನ್ನು ಸಂತೋಷಪಡಿಸುವುದಂತೂ ಪುಣ್ಯಕಾರ್ಯ. ಆದರೆ ಪುಣ್ಯದ ಪಯಣ ಇತರರ ಹಕ್ಕನ್ನು ತುಳಿದು ಸಾಗಬಾರದು.

ನಮ್ಮ ಸೀಮೆಯವರಿಗೆ ಗಡಿ ಎಂಬುದು ಹೊಸ ಮಾತಲ್ಲ. ಘೋರ್ಪಡೆ ಮನೆತನದ ಆಳ್ವಿಕೆಯಲ್ಲಿದ್ದ ಸಂಡೂರು ಸಂಸ್ಥಾನವು 1949ರಲ್ಲಿ ಮದರಾಸಿನಲ್ಲಿ ವಿಲೀನವಾಗುವ ತನಕ ನಮ್ಮ ಕಣಿವೆಯ ಬಾಗಿಲಲ್ಲೇ ಒಂದು ಗಡಿಯಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಹೆಚ್ಚಿನ ತಾಲೂಕುಗಳು ಮೈಸೂರಿಗೆ ಸೇರಿದವು; ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದ ಪಾಲಾದವು. ಬೀಗರು ಆ ಕಡೆ, ನಾವು ಈ ಕಡೆ. ರಾಯದುರ್ಗದ ನಿಕಾಹಿಗೆ ಗಾಡಿ ಗೊತ್ತು ಮಾಡುವಾಗ ಹಳದಿ ಬೋರ್ಡಿನ ಡ್ರೈವರು ಮೊದಲು ಕೇಳುವುದೇ 'ಬಾರ್ಡರ್ ದಾಟಬೇಕಾ?' ಎಂದು. ದಾಟುವುದಾದರೆ ಪರ್ಮಿಟ್ ಬೇಕು, ತೆರಿಗೆ ಕಟ್ಟಿರಬೇಕು. ಆ ಖರ್ಚು ಉಳಿಸಲೆಂದು ಪರಿಚಯದವರ ಬಿಳಿ ಬೋರ್ಡಿನ ಕಾರನ್ನು ಗುಟ್ಟಾಗಿ ಬಾಡಿಗೆಗೆ ಹಿಡಿಯುವವರೂ ನಮ್ಮಲ್ಲಿದ್ದಾರೆ. 'ಕೇಳಿದರೆ ಸಂಬಂಧಿಕರು ಅಂತ ಹೇಳಿ' ಎಂದು ಮನೆಯ ಹೆಂಗಸರಿಗೂ ಮಕ್ಕಳಿಗೂ ಹೊರಡುವಾಗಲೇ ಪಾಠವಾಗುತ್ತದೆ. ನಿಕಾಹಿನಂತಹ ಶುಭಕಾರ್ಯಕ್ಕೆ ಹೊರಟ ಕುಟುಂಬ ತನ್ನ ಮಕ್ಕಳಿಗೆ ದಾರಿಯಲ್ಲಿ ಕಲಿಸಿದ್ದೇನು? ಸುಳ್ಳನ್ನಲ್ಲವೇ? ದಾರಿಯಲ್ಲಿ ಅಪಘಾತವಾದರೆ, ಖಾಸಗಿ ವಾಹನವನ್ನು ಬಾಡಿಗೆಗೆ ಓಡಿಸಿದ ಕಾರಣ ಮುಂದಿಟ್ಟು ವಿಮಾ ಕಂಪನಿ ಹೊಣೆಯಿಂದ ಹಿಂದೆ ಸರಿಯಲು ದಾರಿಯಾಗುತ್ತದೆ.

ರಾಜ್ಯದ ಗಡಿಯಲ್ಲೇ ಇಷ್ಟು ವಿಷಯವಿದ್ದರೆ ದೇಶದ ಗಡಿಯಲ್ಲಿ ಎಷ್ಟಿರಬೇಡ! ಬಾಡಿಗೆ ಕಾರಿನ ಕರಾರು ಪತ್ರವನ್ನು ಒಮ್ಮೆ ಓದಿ ನೋಡಿ. ಕಾರನ್ನು ಆ ದೇಶದೊಳಗೆ ಮಾತ್ರ ಓಡಿಸಬೇಕು, ಹೊರಗೆ ಒಯ್ಯಬೇಕಿದ್ದರೆ ಕಂಪನಿಯ ಲಿಖಿತ ಅನುಮತಿ ಬೇಕು ಎಂದು ಅದರಲ್ಲಿರುತ್ತದೆ. ಕೆಲವು ಕಂಪನಿಗಳು ಅನುಮತಿಯನ್ನೇ ಕೊಡುವುದಿಲ್ಲ. ಕೊಟ್ಟರೂ ಆ ಇನ್ನೊಂದು ದೇಶಕ್ಕೆ ಸಲ್ಲುವ ವಿಮೆಯನ್ನು ಬೇರೆಯಾಗಿ ಮಾಡಿಸಬೇಕಾಗುತ್ತದೆ. ಅರಬ್ ದೇಶಗಳ ನಡುವೆ ಇದಕ್ಕೆ 'ಆರೆಂಜ್ ಕಾರ್ಡ್' ಎಂದು ಹೆಸರು. ಯಾರ ಹೆಸರು ಕರಾರಿನಲ್ಲಿದೆಯೋ ಅವರೇ ಸ್ಟೇರಿಂಗ್ ಹಿಡಿಯಬೇಕು. ಮರಳಿನಲ್ಲಿ, ಹಳ್ಳದಲ್ಲಿ, ರಸ್ತೆಯಿಲ್ಲದ ಕಡೆ ಓಡಿಸಬಾರದು. ಇವೆಲ್ಲವನ್ನೂ ಒಪ್ಪಿಯೇ ನಾವು ಸಹಿ ಹಾಕುತ್ತೇವೆ. ಹೆಚ್ಚಿನವರು ಓದದೆಯೇ ಹಾಕುತ್ತಾರೆ. ಆದರೆ ಓದದೆ ಹಾಕಿದ ಸಹಿಯೂ ಸಹಿಯೇ. ಸೂರಃ ಅಲ್ ಮಾಇದಃ ಆರಂಭವಾಗುವುದೇ ಕರಾರುಗಳನ್ನು ಪೂರೈಸಬೇಕೆಂಬ ಆಜ್ಞೆಯೊಂದಿಗೆ (5:1). ಮುಸ್ಲಿಮರು ತಾವು ಒಪ್ಪಿದ ಶರತ್ತುಗಳಿಗೆ ಬದ್ಧರು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಎದುರಿಗಿರುವವನು ಮುಸ್ಲಿಮನೋ ಅಲ್ಲವೋ, ದೊಡ್ಡ ಕಂಪನಿಯೋ ಸಣ್ಣ ವ್ಯಾಪಾರಿಯೋ ಎಂಬುದರಿಂದ ಈ ಬದ್ಧತೆ ಬದಲಾಗದು.

'ಇದೆಲ್ಲ ಇಂದಿನ ಕಂಪನಿಗಳ ಕಾನೂನು, ದೀನಿಗೂ ಇದಕ್ಕೂ ಏನು ಸಂಬಂಧ?' ಎಂದು ಕೇಳುವವರಿದ್ದಾರೆ. ಅವರು ನಮ್ಮ ಮದ್ರಸಗಳಲ್ಲಿ ಶತಮಾನಗಳಿಂದ ಪಾಠವಾಗುತ್ತಾ ಬಂದಿರುವ 'ಹಿದಾಯಾ' ಗ್ರಂಥದ ಬಾಡಿಗೆಯ ಅಧ್ಯಾಯವನ್ನು ನೋಡಬೇಕು. ಹಿಜರಿ 593ರಲ್ಲಿ (ಕ್ರಿ.ಶ. 1197) ನಿಧನರಾದ ಇಮಾಮ್ ಮರ್ಗೀನಾನಿಯವರು ಅದರಲ್ಲಿ ಒಂದು ಪ್ರಸಂಗವನ್ನು ಚರ್ಚಿಸಿದ್ದಾರೆ. ಒಬ್ಬನು ಇರಾಕಿನ ಹೀರಾ ಎಂಬ ಊರಿನ ತನಕ ಹೋಗಲೆಂದು ಸವಾರಿಯ ಪ್ರಾಣಿಯನ್ನು ಬಾಡಿಗೆಗೆ ಪಡೆಯುತ್ತಾನೆ. ಆದರೆ ಹೀರಾವನ್ನು ದಾಟಿ ಕಾದಿಸಿಯ್ಯಾಕ್ಕೆ ಹೋಗುತ್ತಾನೆ. ಆಮೇಲೆ ಹೀರಾಕ್ಕೆ ಮರಳಿ ತರುತ್ತಾನೆ. ಅಲ್ಲಿ ಆ ಪ್ರಾಣಿ ಸತ್ತುಹೋಗುತ್ತದೆ. ಹೊಣೆ ಯಾರದು? ಬಾಡಿಗೆಗೆ ಪಡೆದವನದೇ. ಅವನು ಹೊಡೆದಿಲ್ಲ, ಉಪವಾಸ ಕೆಡವಿಲ್ಲ, ಒಪ್ಪಿದ ಊರಿಗೆ ಮರಳಿಯೂ ತಂದಿದ್ದಾನೆ. ಆದರೂ ಗಡಿ ಮೀರಿದ ಕ್ಷಣದಲ್ಲೇ ಅವನು ಅಮಾನತ್‌ದಾರನ ಸ್ಥಾನದಿಂದ ಕೆಳಗಿಳಿದ. ಒಪ್ಪಂದದೊಳಗೆ ಇದ್ದಿದ್ದರೆ, ತನ್ನ ತಪ್ಪಿಲ್ಲದೆ ಆದ ನಷ್ಟಕ್ಕೆ ಅವನು ಹೊಣೆಯಾಗುತ್ತಿರಲಿಲ್ಲ. ಶರೀಅತ್ತಿನ ಈ ನ್ಯಾಯವನ್ನು ನೋಡಿ: ಕರಾರಿನೊಳಗೆ ನಡೆಯುವವನಿಗೆ ರಕ್ಷಣೆ, ಕರಾರು ಮೀರಿದವನಿಗೆ ಭಾರ. ಅಂದಿನ ಪ್ರಾಣಿಯ ಜಾಗದಲ್ಲಿ ಇಂದು ಕಾರಿದೆ, ಹೀರಾ-ಕಾದಿಸಿಯ್ಯಾಗಳ ಜಾಗದಲ್ಲಿ ಬೇರೆ ಊರುಗಳಿವೆ. ಬದಲಾದದ್ದು ಇಷ್ಟೇ.

'ಯಾರೂ ಕೇಳಲಿಲ್ಲ, ಹಾಗಾಗಿ ಹೋದೆವು' ಎಂಬುದು ಇನ್ನೊಂದು ಸಬೂಬು. ಖೋರ್‌ಫಕ್ಕಾನ್-ಫುಜೈರಾ ಕಡೆ ಸುತ್ತಾಡುವವರಿಗೆ ಮದ್‌ಹಾ ಎಂಬ ಪ್ರದೇಶ ಗೊತ್ತಿರಬಹುದು. ಸುತ್ತಲೂ ಯು.ಎ.ಇ., ನಡುವೆ ಮದ್‌ಹಾ ಮಾತ್ರ ಒಮಾನಿಗೆ ಸೇರಿದ್ದು. ಅಲ್ಲಿ ತಪಾಸಣೆಯ ಠಾಣೆಯಿಲ್ಲ, ಪಾಸ್‌ಪೋರ್ಟಿಗೆ ಮುದ್ರೆಯಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದಂತೆಯೇ ದೇಶ ಬದಲಾಗಿಬಿಡುತ್ತದೆ. ಕೇಳುವ ಅಧಿಕಾರಿ ಇಲ್ಲದಿದ್ದರೂ ಗಡಿ ಗಡಿಯೇ. ವಿಮೆ ಅಲ್ಲಿಗೆ ಸಲ್ಲುತ್ತದೆಯೇ, ಕರಾರು ಅದಕ್ಕೆ ಅವಕಾಶ ಕೊಡುತ್ತದೆಯೇ ಎಂದು ಒಳಗೆ ಹೋಗುವ ಮೊದಲೇ ವಿಚಾರಿಸಿಕೊಳ್ಳಬೇಕು. ಅಧಿಕಾರಿ ಇಲ್ಲದ ಕಡೆಯಲ್ಲೂ ನೋಡುವವನಿದ್ದಾನೆ ಎಂಬ ಪ್ರಜ್ಞೆಯನ್ನೇ ಅಲ್ಲವೇ ನಾವು ತಖ್ವಾ ಎನ್ನುವುದು? ಠಾಣೆಯಿರುವ ಗಡಿಯಲ್ಲಿ ನಿಯಮ ಪಾಲಿಸುವುದು ಭಯದಿಂದಲೂ ಆಗಬಹುದು. ಠಾಣೆಯಿಲ್ಲದ ಗಡಿಯಲ್ಲಿ ಪಾಲಿಸುವುದು ಈಮಾನಿನಿಂದ ಮಾತ್ರ ಸಾಧ್ಯ.

ಈ ಎಚ್ಚರಿಕೆ ಕಂಪನಿಯ ಲಾಭವನ್ನು ಕಾಯಲಿಕ್ಕಲ್ಲ. ಅನುಮತಿಯಿಲ್ಲದೆ, ವಿಮೆಯಿಲ್ಲದೆ ಗಡಿ ದಾಟಿದ ಕಾರು ಅಲ್ಲಿ ಒಬ್ಬ ದಾರಿಹೋಕನಿಗೆ ಬಡಿಯಿತು ಎಂದಿಟ್ಟುಕೊಳ್ಳಿ. ಆತನ ಆಸ್ಪತ್ರೆಯ ಖರ್ಚು ಕೊಡುವವರು ಯಾರು? ಆತ ತೀರಿಕೊಂಡರೆ ದಿಯತ್ ಅಂದರೆ ಪ್ರಾಣಹಾನಿಯ ಪರಿಹಾರವನ್ನು ಆತನ ಮಡದಿ ಮಕ್ಕಳಿಗೆ ತಲುಪಿಸುವವರು ಯಾರು? ತಿಂಗಳ ಸಂಬಳದಲ್ಲಿ ಊರಿಗೆ ಹಣ ಕಳಿಸುವ ನಮ್ಮ ಹುಡುಗನಿಗೆ ಆ ಭಾರ ಹೊರಲು ಸಾಧ್ಯವೇ? ಕೇಸು ಮುಗಿಯುವ ತನಕ ಅವನು ಆ ದೇಶದಲ್ಲೇ ಸಿಕ್ಕಿಕೊಳ್ಳಬಹುದು. ಸಂಡೂರಿನಲ್ಲಿ ಅವನ ತಂಗಿಯ ಮದುವೆಗೆಂದು ಕೂಡಿಟ್ಟ ಹಣ, ತಂದೆಯ ತುಂಡು ಹೊಲ ಎಲ್ಲವೂ ಅದಕ್ಕೇ ಹೋಗಬಹುದು. ಇಷ್ಟಾದರೂ ಸತ್ತವನ ಅನಾಥ ಮಕ್ಕಳ ಹಕ್ಕು ಪೂರ್ತಿ ಸಂದಾಯವಾಯಿತೆಂದು ಹೇಳಲಾಗದು. ತನಗೆ ಸಂಬಂಧಿಸಿದ ಲೋಪವನ್ನು ಅಲ್ಲಾಹನು ಕ್ಷಮಿಸಬಹುದು. ಮನುಷ್ಯರ ಹಕ್ಕನ್ನು ಮನುಷ್ಯರೇ ಬಿಟ್ಟುಕೊಡಬೇಕು. ನಮಾಝ್, ಉಪವಾಸ, ಝಕಾತಿನ ರಾಶಿಯೊಂದಿಗೆ ಬಂದರೂ ಜನರ ಹಕ್ಕು ಕಸಿದ ಕಾರಣಕ್ಕೆ ಅಂತ್ಯ ದಿನದಂದು ದಿವಾಳಿಯಾಗುವವನ ಬಗ್ಗೆ ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಕೆಲವು ನೂರು ದಿರ್ಹಮ್ ಉಳಿಸಲು ಹೋಗಿ ಅಂತಹ ದಿವಾಳಿತನವನ್ನು ಕೊಳ್ಳುವುದು ಯಾವ ಜಾಣತನ?

ಚಳಿಗಾಲದ ಪಯಣಕ್ಕೆ ಅದರದೇ ಆದ ಅಪಾಯಗಳೂ ಇವೆ. ಗಲ್ಫಿನಲ್ಲಿ ಚಳಿಯೇ ಇಲ್ಲವೆಂದು ಭಾವಿಸಿ ಊರಿನವರು ತೆಳ್ಳಗಿನ ಬಟ್ಟೆಯಲ್ಲಿ ಹೊರಡುತ್ತಾರೆ. ಒಮಾನಿನ ಜಬಲ್ ಅಖ್ದರ್‌ನ ಸೈಕ್ ಪ್ರಸ್ಥಭೂಮಿ ಸುಮಾರು 2000 ಮೀಟರ್ ಎತ್ತರದಲ್ಲಿದೆ. ಚಳಿಗಾಲದ ರಾತ್ರಿಗಳಲ್ಲಿ ಅಲ್ಲಿ ನೀರು ಹೆಪ್ಪುಗಟ್ಟುವಷ್ಟು ತಂಪಾಗುವುದುಂಟು. ಆ ಬೆಟ್ಟದ ಬುಡದಲ್ಲಿ ಪೊಲೀಸರು ನಾಲ್ಕೂ ಚಕ್ರಗಳಿಗೆ ಎಂಜಿನ್ ಶಕ್ತಿ ಸಿಗುವ ಫೋರ್ ವೀಲ್ ಡ್ರೈವ್ ವಾಹನಗಳನ್ನು ಮಾತ್ರ ಮೇಲಕ್ಕೆ ಬಿಡುತ್ತಾರೆ. ಸಣ್ಣ ಬಾಡಿಗೆ ಕಾರಿನಲ್ಲಿ ಬಂದವರು ಮರಳಿ ಹೋಗಬೇಕು, ವಾದಿಸಬಾರದು. ಇಳಿಜಾರಿನಲ್ಲಿ ಬ್ರೇಕ್ ಕಾದು ಕೈಕೊಟ್ಟರೆ ಏನಾದೀತೆಂಬುದು ಅದಿರು ಲಾರಿಗಳು ಇಳಿಯುವ ಘಾಟಿಯನ್ನು ದಿನವೂ ಕಂಡ ಸಂಡೂರಿನವರಿಗೆ ವಿವರಿಸಬೇಕಾಗಿಲ್ಲ. ಚಳಿಗಾಲದ ಮಳೆಗೆ ಒಣಗಿದ ವಾದಿಗಳು, ಅಂದರೆ ಹಳ್ಳಗಳು, ಗಳಿಗೆಯಲ್ಲಿ ತುಂಬಿ ಹರಿಯುತ್ತವೆ. ಹರಿಯುವ ವಾದಿಗೆ ಕಾರು ಇಳಿಸುವುದು ಒಮಾನಿನಲ್ಲಿ ಶಿಕ್ಷಾರ್ಹ ಅಪರಾಧ. ಬೆಳಗಿನ ಜಾವ ದಟ್ಟ ಮಂಜು ಕವಿದಾಗ ಅಬುಧಾಬಿಯ ರಸ್ತೆಗಳಲ್ಲಿ ವೇಗದ ಮಿತಿಯನ್ನು ಗಂಟೆಗೆ 80 ಕಿ.ಮೀ.ಗೆ ಇಳಿಸುತ್ತಾರೆ. 'ಗಡಿಯಲ್ಲಿ ಸಾಲು ಬೆಳೆಯುವ ಮೊದಲೇ ತಲುಪಬೇಕು' ಎಂದು ಆ ಮಂಜಿನಲ್ಲಿ ಧಾವಿಸುವುದು ಧೈರ್ಯವಲ್ಲ. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬುದು ಪ್ರವಾದಿ ಶಿಕ್ಷಣ. ಕಟ್ಟದೆ ಬಿಟ್ಟು ತವಕ್ಕುಲ್ ಎನ್ನುವುದು ಅಜಾಗರೂಕತೆಗೆ ಧರ್ಮದ ಹೆಸರು ಕೊಟ್ಟಂತೆ.

ಪ್ರಯಾಣಿಕನ ಕಷ್ಟವನ್ನು ಅರಿತೇ ಅಲ್ಲಾಹನು ರಿಯಾಯಿತಿಗಳನ್ನು ಕೊಟ್ಟಿದ್ದಾನೆ. ನಾಲ್ಕು ರಕಅತ್ತಿನ ಫರ್ಝ್ ನಮಾಝನ್ನು ಎರಡಾಗಿ ಕಸ್ರ್ ಮಾಡಬಹುದು. ವುಝೂ ಮಾಡಿ ಧರಿಸಿದ ಚರ್ಮದ ಮೋಜಾದ ಮೇಲೆ ಪ್ರಯಾಣಿಕನು ಮೂರು ದಿನ ಮೂರು ರಾತ್ರಿ ಮಸಹ್ ಮಾಡಬಹುದು. ನೀರು ಸಿಗದಿದ್ದರೆ ತಯಮ್ಮುಮ್ ಇದೆ. ನಮಾಝ್ ಹಗುರವಾಗಿರುವಾಗ ಅದನ್ನು ಬಿಡಲು ನೆಪವಿಲ್ಲ, ಅದಕ್ಕಾಗಿ ಹುಚ್ಚು ವೇಗದಲ್ಲಿ ಓಡುವ ಅಗತ್ಯವೂ ಇಲ್ಲ. ನಿದ್ದೆ ಬಂದರೆ ಬದಿಗೆ ನಿಲ್ಲಿಸಿ ಮಲಗಿ. ಮೂವರು ಪ್ರಯಾಣ ಹೊರಟರೆ ಒಬ್ಬನನ್ನು ಅಮೀರನನ್ನಾಗಿ ಮಾಡಿಕೊಳ್ಳಬೇಕೆಂಬ ಸುನ್ನತ್ತಿದೆ. ಆ ಅಮೀರನ ಮೊದಲ ಕೆಲಸ ಕಾಗದ ಪತ್ರಗಳನ್ನು ನೋಡುವುದಾಗಲಿ. ಅನುಮತಿ ಪತ್ರ, ವಾಹನದ ನೋಂದಣಿ, ಆ ದೇಶದ ವಿಮೆ, ಲೈಸೆನ್ಸ್ ಇವು ನಾಲ್ಕೂ ಇದ್ದರೆ ಬಿಸ್ಮಿಲ್ಲಾಹ್ ಹೇಳಿ ಹೊರಡಿ. ಒಂದಿಲ್ಲದಿದ್ದರೂ ಈಚೆಗೇ ಇರಿ.

ಕಾರನ್ನು ಮರಳಿಸುವಾಗಲೂ ಪರೀಕ್ಷೆ ಇದೆ. ಬಾಗಿಲಿಗೆ ಬಿದ್ದ ಗೀರನ್ನು ಧೂಳಿನಲ್ಲಿ ಮುಚ್ಚಿ, ಸಂಜೆಗತ್ತಲಲ್ಲಿ ಕೀಲಿ ಕೊಟ್ಟು ಬರುವವರುಂಟು. ಅದೂ ಖಿಯಾನತ್ತೇ. ಗುದ್ದಿದ್ದರೆ ಗುದ್ದಿದೆ ಎನ್ನಿ. ದಂಡ ಬಿದ್ದಿದ್ದರೆ ಕಟ್ಟಿ. ಹಾಗೆಯೇ ಬಾಡಿಗೆ ಕೊಡುವವರೂ ಕೇಳಲಿ: ಹಳೆಯ ಗೀರನ್ನು ಹೊಸ ಗಿರಾಕಿಯ ತಲೆಗೆ ಕಟ್ಟುವುದು, ಸವೆದ ಟಯರನ್ನು ಮುಚ್ಚಿಟ್ಟು ಗಾಡಿ ಕೊಡುವುದು, ಠೇವಣಿಯನ್ನು ಸತಾಯಿಸುವುದು ಅಷ್ಟೇ ದೊಡ್ಡ ದ್ರೋಹ. ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಲು ಕುರ್‌ಆನ್ ಆಜ್ಞಾಪಿಸಿದೆ (4:58). ಆ ಆಜ್ಞೆ ಇಬ್ಬರಿಗೂ ಸೇರಿದ್ದು.

ಊರಿನಲ್ಲಿರುವ ತಾಯಂದಿರೇ, ತಂದೆಯಂದಿರೇ, ಮಗ ಫೋನಿನಲ್ಲಿ 'ನೀವು ಬನ್ನಿ, ಒಮಾನ್ ತೋರಿಸುತ್ತೇನೆ' ಎಂದಾಗ ಸಂತೋಷಪಡಿ. ಅದರೊಂದಿಗೆ 'ಗಾಡಿ ದಾಟಿಸಲು ಮಾಲಿಕ ಒಪ್ಪಿದ್ದಾನೇನಪ್ಪಾ? ಇನ್ಶೂರೆನ್ಸ್ ಮಾಡಿಸಿದ್ದೀಯಾ?' ಎಂದೂ ಕೇಳಿ. ನಿಮ್ಮ ಆ ಒಂದು ಮಾತು ಅವನನ್ನು ಇಹದ ಸಂಕಟದಿಂದಲೂ ಪರದ ವಿಚಾರಣೆಯಿಂದಲೂ ಕಾಪಾಡಬಹುದು. ಗಡಿ ದಾಟದೆ ಮನೆಯಲ್ಲೇ ಮೊಮ್ಮಕ್ಕಳೊಂದಿಗೆ ಕುಳಿತ ಚಳಿಗಾಲವೂ ಬರಕತ್ತಿನದೇ.

ವಾಹನ ಏರಿದಾಗ ಹೇಳಬೇಕಾದ ಪ್ರಾರ್ಥನೆಯನ್ನು ಕುರ್‌ಆನೇ ಕಲಿಸಿದೆ (43:13-14). ಈ ವಾಹನವನ್ನು ನಮಗೆ ವಶಪಡಿಸಿಕೊಟ್ಟವನನ್ನು ಅದು ಸ್ತುತಿಸುತ್ತದೆ, ಕೊನೆಗೆ ನಾವು ಅವನೆಡೆಗೇ ಮರಳುವವರು ಎಂದು ನೆನಪಿಸುತ್ತದೆ. ಆ ಮರಳುವಿಕೆಯ ಗಡಿಯಲ್ಲಿ ಯಾವ ಸಬೂಬೂ ನಡೆಯದು, ಯಾವ ಕಾಗದವನ್ನೂ ಮುಚ್ಚಿಡಲಾಗದು. ನಮ್ಮ ಕೈಗೆ ಬಂದ ಅಮಾನತ್ತುಗಳನ್ನು ಒಪ್ಪಿದ ಗಡಿಯೊಳಗೆ ಬಳಸಿ, ಬಂದ ಹಾಗೆಯೇ ಮರಳಿಸುವ ತೌಫೀಕನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.